ಕರೆಯುವ ಹೆಸರಿಗೆ ಒಪ್ಪುವ ಸಾಲಿ ಹೆಸರು: ಗದಗ ಸೀಮೆಯ ರೂಢಿ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಭಾಗದಲ್ಲಿ ಒಂದೇ ಮಗುವಿಗೆ ಎರಡು ಹೆಸರಿರುವುದು ಹಳೆಯ ರೂಢಿ. ಮನೆಮಂದಿ ಕೂಗುವುದು ಕರೆಯುವ ಹೆಸರು. ಶಾಲೆಯ ದಾಖಲೆಗೆ ಹೋಗುವುದು ‘ಸಾಲಿ ಹೆಸರು’. ಇನ್ನು ಇಲ್ಲಿ ಅಡ್ಡಹೆಸರು ಎಂದರೆ ಮುದ್ದಿನ ಹೆಸರಲ್ಲ. ಅಂಗಡಿ, ಬೆಲ್ಲದ, ಹಿರೇಮಠ, ಪಾಟೀಲ ಮುಂತಾದ ಮನೆತನದ ಹೆಸರು.

ಹಿಂದೆ ದೊಡ್ಡ ಹೆಸರು ಮೊದಲು ನಿಶ್ಚಯವಾಗಿ, ಬಳಕೆಯಲ್ಲಿ ಸವೆದು ಚಿಕ್ಕದಾಗುತ್ತಿತ್ತು. ಈಗ ಅನೇಕ ಮನೆಗಳಲ್ಲಿ ಈ ಕ್ರಮ ತಿರುಗಿದೆ. ಕೂಸು ಹುಟ್ಟುವ ಮೊದಲೇ ಚಿನ್ನು, ಅಪ್ಪು, ಪುಟ್ಟಿ ಎಂಬ ಹೆಸರು ನಾಲಗೆಗೆ ಹತ್ತಿರುತ್ತದೆ; ಅದಕ್ಕೆ ಒಪ್ಪುವ ದೊಡ್ಡ ಹೆಸರನ್ನು ಆಮೇಲೆ ಹುಡುಕಬೇಕಾಗುತ್ತದೆ. ಈ ಹುಡುಕಾಟಕ್ಕೆ ಸೀಮೆಯ ರೂಢಿಯಲ್ಲೇ ಸಾಕಷ್ಟು ದಾರಿಗಳಿವೆ.

ಎರಡು ಹೆಸರು ಏಕೆ?

ಮೊದಲ ಕಾರಣ ಹಿರಿಯರ ಹೆಸರು. ಮೊಮ್ಮಗನಿಗೆ ಅಜ್ಜನ ಹೆಸರನ್ನೂ ಮೊಮ್ಮಗಳಿಗೆ ಅಜ್ಜಿಯ ಹೆಸರನ್ನೂ ಇಡುವುದು ಪದ್ಧತಿ. ಆದರೆ ಸೊಸೆಯಾದವಳು ಮಾವನ ಅಥವಾ ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅಜ್ಜನ ಹೆಸರಿನ ಮಗನನ್ನು ಗದರಿಸಿ ಕರೆಯುವುದಂತೂ ದೂರವೇ ಉಳಿಯಿತು. ಹೀಗಾಗಿ ತಾಯಿಯ ಬಾಯಿಗೆ ಬೇರೊಂದು ಹೆಸರು ಬೇಕಾಯಿತು.

ಎರಡನೆಯದು ಜನ್ಮನಕ್ಷತ್ರದ ಅಕ್ಷರ. ಪಂಚಾಂಗದ ಪ್ರಕಾರ ಹಸ್ತ ನಕ್ಷತ್ರದ ನಾಲ್ಕು ಪಾದಗಳಿಗೆ ಪು, ಷ, ಣ, ಠ ಅಕ್ಷರಗಳು. ‘ಪು’ ಬಂದರೆ ಪುಟ್ಟನೂ ಪುಟ್ಟಿಯೂ ಸಿಗುತ್ತಾರೆ. ‘ಣ’ ಬಂದರೆ ಹೆಸರು ಹೊಂದಿಸುವುದು ಯಾರಿಗೂ ಸುಲಭವಲ್ಲ. ಆಗ ಜಾತಕದ ಹೆಸರನ್ನು ಪತ್ರಿಕೆಗೆ ಬಿಟ್ಟು, ಬಳಕೆಗೆ ಬೇರೆ ಹೆಸರು ಇಡುವುದುಂಟು.

ಮೂರನೆಯದು ದೃಷ್ಟಿಯ ಭಯ. ಮಕ್ಕಳು ಉಳಿಯದ ಮನೆಯಲ್ಲಿ ಕೂಸಿಗೆ ಕಲ್ಲಪ್ಪ, ತಿಪ್ಪಣ್ಣ, ಗುಂಡಪ್ಪ ಎಂಬ ಒರಟು ಹೆಸರಿಟ್ಟರೆ ಅದು ಬದುಕುತ್ತದೆಂಬ ನಂಬಿಕೆ ಇತ್ತು.

ಹೆಸರು ಚಿಕ್ಕದಾಗುವ ಬಗೆ

ಸೀಮೆಯ ಆಡುಮಾತಿಗೆ ತನ್ನದೇ ಕ್ರಮವಿದೆ. ಬಸವರಾಜ ಬಸ್ಯಾ ಅಥವಾ ಬಸು ಆಗುತ್ತಾನೆ. ಮಲ್ಲಿಕಾರ್ಜುನ ಮಲ್ಲು, ಶಂಕರ ಶಂಕ್ರ್ಯಾ. ಪದದ ಮೊದಲಿನ ‘ವೀ’ ಎಂಬುದು ‘ಈ’ ಆಗಿ ವೀರಣ್ಣ ಈರಣ್ಣನಾಗುತ್ತಾನೆ. ಅಪ್ಪ, ಅವ್ವ, ಅಣ್ಣ, ಅಕ್ಕ ಸೇರಿದರೆ ಅದೇ ಹೆಸರು ಮರ್ಯಾದೆಯ ರೂಪ ತಾಳುತ್ತದೆ. ಗದುಗಿನ ವೀರನಾರಾಯಣನ ಅಂಕಿತದಲ್ಲಿ ಭಾರತ ಬರೆದ ಕುಮಾರವ್ಯಾಸನ ಹೆಸರು ನಾರಣಪ್ಪ. ನಾರಾಯಣ ಎಂಬ ದೇವರ ಹೆಸರು ಬಾಯಿಮಾತಿನಲ್ಲಿ ಪಡೆದ ರೂಪವದು.

ಈ ಕ್ರಮವನ್ನು ಹಿಂದುಮುಂದಾಗಿಸಿದರೆ ಇಂದಿನ ಪಾಲಕರಿಗೆ ದಾರಿ ಸಿಗುತ್ತದೆ: ಮುದ್ದಿನ ಹೆಸರು ಯಾವ ದೊಡ್ಡ ಹೆಸರಿನಿಂದ ಸಹಜವಾಗಿ ಹುಟ್ಟಬಹುದಿತ್ತು ಎಂದು ನೋಡುವುದು.

ಊರು ಕೊಟ್ಟ ಹೆಸರುಗಳು

ನಾಲ್ಕೂ ಕಡೆಯ ದೇವಸ್ಥಾನ, ಮಠಗಳು ಹೆಸರಿನ ಕಣಜಗಳೇ ಆಗಿವೆ. ಗದಗಿನ ವೀರನಾರಾಯಣ ಮತ್ತು ತೋಂಟದಾರ್ಯ ಮಠದಿಂದ ನಾರಾಯಣ, ತೋಂಟಪ್ಪ. ಲಕ್ಷ್ಮೇಶ್ವರದ, ಅಂದರೆ ಹಳೆಯ ಪುಲಿಗೆರೆಯ ಸೋಮೇಶ್ವರನಿಂದ ಸೋಮಣ್ಣ, ಸೋಮವ್ವ. ಮುಂಡರಗಿಯ ಅನ್ನದಾನೀಶ್ವರ ಮಠ ಅನ್ನದಾನಪ್ಪ ಎಂಬ ಹೆಸರನ್ನು ನೆನಪಿಸುತ್ತದೆ. ಅದರ ಆಡುರೂಪ ಅಂದಾನಪ್ಪ. ಅದೇ ತಾಲೂಕಿನ ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿಯಿದೆ. ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲಿ ಫಕೀರ ಮತ್ತು ಈಶ್ವರ ಎರಡೂ ಕೂಡಿವೆ. ಫಕೀರಪ್ಪ, ಫಕೀರವ್ವ, ಫಕೀರೇಶ ಎಂಬ ಹೆಸರುಗಳಿಗೆ ಅದೇ ಮೂಲ.

ಆದ್ದರಿಂದ ಸೋಮು ಎಂದು ಕರೆಯುವ ಮನೆಯವರು ಸೋಮೇಶ್ವರ ಅಥವಾ ಸೋಮಶೇಖರ ಎಂದು ಬರೆಸಿದರೆ ಮುದ್ದೂ ಉಳಿಯಿತು, ಊರಿನ ನೆನಪೂ ಉಳಿಯಿತು.

ಚಿಕ್ಕ ಹೆಸರು ದೊಡ್ಡದಾದಾಗ

ಮುದ್ದಿನ ಹೆಸರು ಬೆಳೆಯಬಲ್ಲದು ಎಂಬುದಕ್ಕೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲೇ ನಿದರ್ಶನವಿದೆ. ಪುಟ್ಟಯ್ಯ ಎಂಬ ಬಾಲಕ ಪುಟ್ಟರಾಜ ಗವಾಯಿಗಳಾದರು. 2010ರಲ್ಲಿ ಪದ್ಮಭೂಷಣ ಬಂದಾಗಲೂ, ಅದೇ ವರ್ಷ ಲಿಂಗೈಕ್ಯರಾದಾಗಲೂ ಆ ‘ಪುಟ್ಟ’ ಹೆಸರಿನಲ್ಲಿ ಉಳಿದೇ ಇತ್ತು. ಅವರ ಗುರು ಪಂಚಾಕ್ಷರಿ ಗವಾಯಿಗಳ ಬಾಲ್ಯದ ಹೆಸರು ಗದಿಗೆಯ್ಯ. ಅಲ್ಲಿ ಹಳೆಯ ಹೆಸರು ಪೂರ್ತಿ ಹಿಂದೆ ಸರಿಯಿತು.

ಧ್ವನಿ ಹೊಂದಲೇಬೇಕೆಂಬ ನಿಯಮವೂ ಇಲ್ಲ. ಲೋಹಿತ್ ಎಂಬ ಹೆಸರು ಮುಂದೆ ಪುನೀತ್ ರಾಜ್‌ಕುಮಾರ್ ಎಂದಾಯಿತು. ನಾಡು ಕರೆದದ್ದು ಮಾತ್ರ ಅಪ್ಪು ಎಂದೇ. ಎರಡರಲ್ಲಿ ಯಾವುದಕ್ಕೂ ಆ ಮುದ್ದಿನ ಹೆಸರಿನ ಧ್ವನಿಯ ನಂಟಿಲ್ಲ.

ಹೊಂದಿಸುವ ದಾರಿಗಳು

* ಮೊದಲ ಧ್ವನಿಯಿಂದ: ಚಿನ್ನು – ಚಿನ್ಮಯ, ಚಿನ್ಮಯಿ, ಪುಟ್ಟ – ಪುಟ್ಟರಾಜ, ಪುನೀತ, ಅನು – ಅನ್ನಪೂರ್ಣ, ಅನುಪಮಾ.
* ನಡುವಿನ ಅಥವಾ ಕೊನೆಯ ಧ್ವನಿಯಿಂದ: ರಾಜು – ಬಸವರಾಜ, ನಾಗರಾಜ, ನಂದು – ಶಿವಾನಂದ, ಸದಾನಂದ.
* ಅರ್ಥದಿಂದ: ಬಂಗಾರಿ – ಸುವರ್ಣಾ, ಹೇಮಾ, ಕನಕಾ.
* ಹಿರಿಯರ ಹೆಸರಿನಿಂದ: ಅಜ್ಜ ಮಲ್ಲಪ್ಪನಾದರೆ ಮೊಮ್ಮಗ ಮಲ್ಲಿಕಾರ್ಜುನ, ಕರೆಯಲು ಮಲ್ಲು.

ಆಯ್ದ ಹೆಸರನ್ನು ತಂದೆಯ ಹೆಸರು, ಅಡ್ಡಹೆಸರುಗಳೊಡನೆ ಸೇರಿಸಿ ಒಮ್ಮೆ ಗಟ್ಟಿಯಾಗಿ ಓದಿ ನೋಡುವುದು ಒಳ್ಳೆಯದು. ಈ ಸೀಮೆಯಲ್ಲಿ ಪೂರ್ಣ ಹೆಸರೆಂದರೆ ಈ ಮೂರೂ ಕೂಡಿದ್ದು. ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಬಗೆಯಾಗಿ ಬರೆಯಲು ಬರುವ ಹೆಸರಾದರೆ ಮುಂದೆ ತೊಡಕು ಕಡಿಮೆ.

ದಾಖಲೆಯಲ್ಲಿ ಯಾವುದು?

ತೊಡಕು ಹುಟ್ಟುವುದು ಎರಡೂ ಹೆಸರುಗಳು ಬೇರೆಬೇರೆ ಕಾಗದಗಳಿಗೆ ಹೊಕ್ಕಾಗ. ಪಹಣಿಯಲ್ಲಿ ಬಸಪ್ಪ, ಶಾಲೆಯಲ್ಲಿ ಬಸವರಾಜ, ಬ್ಯಾಂಕಿನಲ್ಲಿ ಬಸು ಎಂದಿದ್ದರೆ ವಾರಸಾ ಬದಲಾವಣೆಯ ಹೊತ್ತಿಗೆ ‘ಬಸಪ್ಪ ಉರ್ಫ್ ಬಸವರಾಜ’ ಎಂದು ಪ್ರಮಾಣಪತ್ರ ಮಾಡಿಸಿ, ಇಬ್ಬರೂ ಒಬ್ಬನೇ ಎಂದು ತೋರಿಸಬೇಕಾಗುತ್ತದೆ. ಹಿರಿಯ ತಲೆಮಾರಿನ ಆಸ್ತಿ ಕಾಗದಗಳಲ್ಲಿ ಈ ‘ಉರ್ಫ್’ ಸಾಮಾನ್ಯ.

1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯ ವ್ಯವಸ್ಥೆಯಲ್ಲಿ ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಆದರೆ ಆಗಲೇ ಹೆಸರು ಬರೆಸಬೇಕೆಂಬ ಕಡ್ಡಾಯವಿಲ್ಲ. ಹೆಸರಿಲ್ಲದೆ ನೋಂದಾಯಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ, ಅನಂತರ ವಿಳಂಬ ಶುಲ್ಕ ಕಟ್ಟಿ 15 ವರ್ಷಗಳವರೆಗೆ ಹೆಸರು ಸೇರಿಸಲು ಅವಕಾಶವಿದೆ. ಆಸ್ಪತ್ರೆಯಿಂದ ಹೊರಡುವ ಅವಸರದಲ್ಲಿ ‘ಚಿನ್ನು’ ಎಂದೇ ಬರೆಸಿಬಿಡುವ ಅಗತ್ಯವಿಲ್ಲ. ಕಾಯ್ದೆಯ 15ನೇ ಕಲಮು ತಪ್ಪುಗಳ ತಿದ್ದುಪಡಿಗೆಂದು ಇರುವಂಥದು. ಒಮ್ಮೆ ಬರೆಸಿದ ಹೆಸರನ್ನು ಮನಸ್ಸು ಬದಲಾದಂತೆ ಬದಲಿಸುವುದು ಸುಲಭವಲ್ಲ.

ತಿದ್ದುಪಡಿಯಾದ ಕಾಯ್ದೆ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ ಈ ಎಚ್ಚರಿಕೆಗೆ ಹೆಚ್ಚಿನ ಬೆಲೆ ಬಂದಿದೆ. ಆ ದಿನದಿಂದೀಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರಕಾರಿ ನೌಕರಿ ಮೊದಲಾದವುಗಳಲ್ಲಿ ಹುಟ್ಟಿದ ದಿನಾಂಕ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿರುವ ಹೆಸರಿನ ಅಕ್ಷರಗಳೇ ಆಧಾರ್‌ಗೂ ಶಾಲೆಗೂ ಹೋಗುವಂತೆ ನೋಡಿಕೊಳ್ಳಬೇಕು.

ತೊಟ್ಟಿಲ ಕಾರ್ಯದ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿ ‘ಕುರ್ರ್’ ಎನ್ನುವಾಗ ಎರಡು ಹೆಸರು ಹೇಳಿದರೂ ಅಡ್ಡಿಯಿಲ್ಲ. ನೋಂದಣಿ ಕಚೇರಿಗೆ ಒಯ್ಯುವ ಚೀಟಿಯಲ್ಲಿ ಮಾತ್ರ ಒಂದೇ ಹೆಸರಿರಬೇಕು.