108 ಅಂಗುಲ: ಬಳ್ಳಾರಿ ರಸ್ತೆಯ ಮೂರು ಅಳತೆಗಳು

ಬೆಂಗಳೂರಿನ ಮೇಖ್ರಿ ವೃತ್ತದ ಬಳಿ ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳಲ್ಲಿ ಉತ್ತರ ದಿಕ್ಕಿನದು ನಿಂತಿದೆ. ಅಲ್ಲಿಂದ ಬಳ್ಳಾರಿ ರಸ್ತೆ ಹಿಡಿದು ಹೊರಟರೆ ಹೆಬ್ಬಾಳದಲ್ಲಿ ಕಿತ್ತಯ್ಯನ ವೀರಗಲ್ಲು ಸಿಗುತ್ತದೆ. ಯಲಹಂಕ ದಾಟಿ ವಿಮಾನ ನಿಲ್ದಾಣದ ಅಂಗಳಕ್ಕೆ ಬಂದರೆ 108 ಅಡಿ ಎತ್ತರದ ಕೆಂಪೇಗೌಡರ ಕಂಚಿನ ಪ್ರತಿಮೆ. ಒಂದೇ ದಾರಿಯಲ್ಲಿ ಸಿಗುವ ಈ ಮೂರನ್ನು ಒಟ್ಟಿಗೆ ಇಟ್ಟು ನೋಡಿದ ಅಧ್ಯಯನಗಳು ವಿರಳ. ಕೃತಿಯ ಅಳತೆಯನ್ನು ನಾವು ವಿವರಪಟ್ಟಿಯ ಕೊನೆಯ ಸಾಲಿಗೆ ದೂಡಿ ಮುಂದೆ ಹೋಗುವವರು: ಇಷ್ಟು ಎತ್ತರ, ಇಷ್ಟು ಅಗಲ, ಮುಗಿಯಿತು. ಅಳತೆಯೆಂಬುದು ಕೃತಿಯ ಹೊರಗಿನ ವಿವರವಲ್ಲ, ಅದರ ಅರ್ಥವನ್ನೇ ಕಟ್ಟುವ ಅಂಗ ಎಂಬುದು ಪ್ರಸ್ತುತ ಲೇಖನದ ವಾದ. ನೋಡುವವರು ಎಷ್ಟು ದೂರದಲ್ಲಿ ನಿಲ್ಲಬೇಕು, ಕಾಲ್ನಡಿಗೆಯಲ್ಲಿ ಬರಬೇಕೋ ವಾಹನದಲ್ಲಿ ಸಾಗಬೇಕೋ, ಕೈಯಿಂದ ಮುಟ್ಟಬಹುದೋ ಬಾರದೋ ಎಂಬುದನ್ನು ತೀರ್ಮಾನಿಸುವುದು ಅಳತೆಯೇ.

ಮೊದಲು ಎರಡು ಮಾತುಗಳನ್ನು ಬಿಡಿಸಿಕೊಳ್ಳಬೇಕು: ಗಾತ್ರ ಮತ್ತು ಪ್ರಮಾಣ. ನಮ್ಮ ಶಿಲ್ಪಶಾಸ್ತ್ರಗಳು ಇವೆರಡನ್ನು ಕಲಸಲಿಲ್ಲ. ತಾಳಮಾನ ಪದ್ಧತಿಯಲ್ಲಿ ಮೂರ್ತಿಯ ಮುಖದ ಉದ್ದ ಒಂದು ತಾಳ, ಒಂದು ತಾಳಕ್ಕೆ 12 ಅಂಗುಲ. ಈ ಅಂಗುಲವನ್ನು ಮೂರ್ತಿಯ ಎತ್ತರವನ್ನೇ ಭಾಗಿಸಿ ಪಡೆಯಲಾಗುತ್ತದೆ. ಅದು ಆ ಮೂರ್ತಿಗೆ ಮಾತ್ರ ಸೇರಿದ ಅಂಗುಲ. ಹೀಗಾಗಿ ನವತಾಳದ ಮೂರ್ತಿ ಯಾವ ಗಾತ್ರದ್ದಾದರೂ ತನ್ನ ಅಂಗುಲದಲ್ಲಿ 108 ಅಂಗುಲವೇ. ದೇವರ ಪೆಟ್ಟಿಗೆಯಲ್ಲಿಡುವ ಗೇಣುದ್ದದ ಪಂಚಲೋಹದ ವಿಗ್ರಹವೂ 108, ಗರ್ಭಗುಡಿಯ ಆಳೆತ್ತರದ ಶಿಲೆಯೂ 108. ಚಿಕ್ಕದು ದೊಡ್ಡದರ ಕುಗ್ಗಿಸಿದ ಪ್ರತಿಯಲ್ಲ, ದೊಡ್ಡದು ಚಿಕ್ಕದರ ಹಿಗ್ಗಿಸಿದ ರೂಪವಲ್ಲ. ಎರಡೂ ತಮ್ಮ ಮಟ್ಟಿಗೆ ಪೂರ್ಣ.

ವಿಮಾನ ನಿಲ್ದಾಣದ ಪ್ರತಿಮೆಯ 108 ಬೇರೆ ಬಗೆಯದು. ಶಿಲ್ಪಿ ರಾಮ್ ವಿ. ಸುತಾರ್ ರೂಪಿಸಿದ, 2022ರ ನವೆಂಬರ್ 11ರಂದು ಅನಾವರಣಗೊಂಡ ಈ ಪ್ರತಿಮೆಯ ಕಂಚು, ಉಕ್ಕುಗಳ ಒಟ್ಟು ತೂಕ ಸುಮಾರು 220 ಟನ್. ಇಲ್ಲಿ 108 ಎಣಿಕೆಯಾಗುವುದು ಅಡಿಗಳಲ್ಲಿ. ಮೀಟರಿಗೆ ತಿರುಗಿಸಿದರೆ 33ರ ಆಸುಪಾಸು. ಸಂಖ್ಯೆಯ ಪಾವಿತ್ರ್ಯ ಮೂರ್ತಿಯ ದೇಹದಿಂದ ಹುಟ್ಟಿ ಬರುತ್ತಿಲ್ಲ, ಹೊರಗಿನ ಅಳತೆಗೋಲಿನಿಂದ ಬರುತ್ತಿದೆ. ಇದನ್ನು ದೋಷವೆಂದು ಹೇಳುತ್ತಿಲ್ಲ. ವಾಹನದಲ್ಲಿ ವೇಗವಾಗಿ ಸಾಗುವ ಕಣ್ಣಿಗೆ ಕಾಣಿಸಬೇಕಾದ ಪ್ರತಿಮೆಗೆ ಆ ಗಾತ್ರ ಬೇಕೇಬೇಕು. ಆದರೆ ಶಿವಗಂಗೆಯ ಗಂಗಾಧರೇಶ್ವರ ದೇವಾಲಯದಲ್ಲಿರುವ, 1609ರದೆಂದು ಹೇಳಲಾಗುವ ಕೆಂಪೇಗೌಡರ ಲೋಹಮೂರ್ತಿಯನ್ನು ಇದರ ಪಕ್ಕದಲ್ಲಿ ನೆನೆಯಬೇಕು. ಅಲ್ಲಿ ಅವರು ಕೈಮುಗಿದು ನಿಂತಿದ್ದಾರೆ. ಇಲ್ಲಿ ಕತ್ತಿ ಹಿಡಿದಿದ್ದಾರೆ. ಅಲ್ಲಿ ಪ್ರಭು ಭಕ್ತನಾಗಿ ದೇವರೆದುರು ಚಿಕ್ಕವನಾಗಲು ಒಪ್ಪಿದ್ದಾನೆ, ಮತ್ತು ಆ ಒಪ್ಪಿಗೆಯೇ ಮೂರ್ತಿಯ ವಿಷಯ. ಗಾತ್ರ ಬದಲಾದಾಗ ಭಂಗಿಯೂ ಬದಲಾಯಿತು, ಭಂಗಿಯೊಡನೆ ವ್ಯಕ್ತಿಯ ಕಲ್ಪನೆಯೂ ಬದಲಾಯಿತು.

ಗೋಪುರದ ಕಥೆ ಇನ್ನೊಂದು. ಅದನ್ನು ಕಟ್ಟಿಸಿದವರು ಹಿರಿಯ ಕೆಂಪೇಗೌಡರೋ ಇಮ್ಮಡಿ ಕೆಂಪೇಗೌಡರೋ ಎಂಬ ಚರ್ಚೆ ಇಲ್ಲಿಗೆ ಬೇಡ. ದಿಣ್ಣೆಯ ಮೇಲೆ ದೂರಕ್ಕೆ ಕಾಣಲೆಂದು ಎದ್ದ ಸಣ್ಣ ಕಲ್ಲುಕಟ್ಟಡವಿದು. ಅದರ ಒಂದು ಕಲ್ಲೂ ಕುಗ್ಗಿಲ್ಲ. ಸುತ್ತಲಿನ ಊರು ಬೆಳೆದು ಅದನ್ನು ಕಿರಿದು ಮಾಡಿದೆ. ಗಾತ್ರ ಕಲ್ಲಿನಲ್ಲಿ ಉಳಿಯುತ್ತದೆ, ಅಳತೆ ನೆರೆಹೊರೆಯನ್ನು ಅವಲಂಬಿಸುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಈ ದಾರಿಯ ಅತಿ ಮುಖ್ಯ ವಸ್ತು ನನ್ನ ದೃಷ್ಟಿಯಲ್ಲಿ ಹೆಬ್ಬಾಳದ ಕಲ್ಲು. 2018ರಲ್ಲಿ ಚರಂಡಿ ಅಗೆತದ ವೇಳೆ ಬೆಳಕಿಗೆ ಬಂದ ಈ ವೀರಗಲ್ಲಿನ ಕಾಲ ಸುಮಾರು ಕ್ರಿ.ಶ. 750, ಗಂಗ ದೊರೆ ಶ್ರೀಪುರುಷನ ಆಳ್ವಿಕೆ. ಬೆಂಗಳೂರಿನಲ್ಲಿ ಈವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಇದೇ ಹಳೆಯದೆಂದು ಗುರುತಿಸಲಾಗಿದೆ. ರಟ್ಟವಾಡಿಯವರು, ಎಂದರೆ ರಾಷ್ಟ್ರಕೂಟರ ಕಡೆಯವರು, ಮೇಲೆ ಬಿದ್ದಾಗ ಕಾದಿ ಮಡಿದವನು ಕಿತ್ತಯ್ಯ. ಹೆಬ್ಬಾಳ ಅಂದು ಪೆರ್ಬೊಳಲ್; ಆಡಳಿತ ಘಟಕದ ಹೆಸರು ಪೆರ್ಬೊಳಲ್ನಾಡು 30. ಇದೇ ಗಂಗರ ರಾಜ್ಯವನ್ನು ಶಾಸನಗಳು ಗಂಗವಾಡಿ 96,000 ಎಂದು ಕರೆಯುತ್ತವೆ. ಈ ಸಂಖ್ಯೆಗಳು ಹಳ್ಳಿಗಳ ಎಣಿಕೆಯೋ ಆದಾಯದ ಲೆಕ್ಕವೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೂ 96,000ದ ಒಳಗಿನ 30ರಲ್ಲಿ ಬಿದ್ದ ಒಬ್ಬ ಆಳಿಗೆ ಹೆಸರು ಹಿಡಿದು ಕಲ್ಲು ನಿಲ್ಲಿಸಿದರು ಎಂಬುದು ಗಮನಾರ್ಹ. ದೊಡ್ಡ ಲೆಕ್ಕದಲ್ಲಿ ಕರಗಿಹೋಗುವ ಮನುಷ್ಯನನ್ನು ಚಿಕ್ಕ ಕಲ್ಲು ಹಿಡಿದಿಟ್ಟಿತು.

ವೀರಗಲ್ಲಿನೊಳಗಿನ ಅಳತೆಯ ನಿಯಮವನ್ನೂ ನೋಡಬೇಕು. ಮೂರು ಹಂತದ ಕಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ರಣರಂಗ, ಆಕಾಶ, ಕೈಲಾಸ ಮೂರೂ ಒಂದು ಚಪ್ಪಡಿಗೆ ಇಳಿದಿವೆ. ಹಲವು ಕಲ್ಲುಗಳಲ್ಲಿ ವೀರ ದೊಡ್ಡವನು, ಶತ್ರುಗಳು ಸಣ್ಣವರು. ಇಲ್ಲಿ ಗಾತ್ರ ಕಣ್ಣಿಗೆ ಕಂಡದ್ದಲ್ಲ, ಊರು ಕೊಟ್ಟ ಮರ್ಯಾದೆ. ಗಂಗರ ಕಾಲದ ಆರಂಭದ ಕಲ್ಲುಗಳಲ್ಲಿ ಹಂತಗಳು ಕಡಿಮೆ. ಬೇಗೂರಿನಿಂದ ಬಂದು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಪ್ರಸಿದ್ಧ ಗಂಗ ಶಿಲ್ಪದಲ್ಲಿ ಆನೆ, ಕುದುರೆ, ಕಾಲಾಳುಗಳು ಒಬ್ಬರ ಮೇಲೊಬ್ಬರು ಬಿದ್ದಂತೆ ಕಿಕ್ಕಿರಿದಿದ್ದಾರೆ. ಅದರೆದುರು ಬಗ್ಗಿ ನಿಂತವರಿಗೆ ಅಂಗೈಯಗಲದ ಜಾಗದಲ್ಲಿ ಒಂದು ಇಡೀ ಸಾವು ಕಾಣುತ್ತದೆ.

ಚಿಕ್ಕ ಗಾತ್ರದ ಕೃತಿಗಳಲ್ಲಿ ಬಿಡಿ ಭಾಗಗಳಿಗಿಂತ ಮೊದಲು ಇಡೀ ರೂಪ ಮನಸ್ಸಿಗೆ ಸಿಗುತ್ತದೆ ಎಂದು ಫ್ರೆಂಚ್ ಮಾನವಶಾಸ್ತ್ರಜ್ಞ ಕ್ಲೋದ್ ಲೆವಿ-ಸ್ಟ್ರಾಸ್ 1962ರಲ್ಲಿ ವಾದಿಸಿದರು. ಚಿಕ್ಕದು ಮನೆಯೊಳಗಿನದು, ಖಾಸಗಿಯದು. ಬೃಹತ್ತಾದದ್ದು ಬೀದಿಯದು, ಸಾರ್ವಜನಿಕರದು ಎಂಬ ಆಶಯದ ವಿಂಗಡಣೆಯನ್ನು ಅಮೆರಿಕದ ಸೂಸನ್ ಸ್ಟ್ಯೂವರ್ಟ್ 1984ರಲ್ಲಿ ಮುಂದಿಟ್ಟರು. ಎರಡೂ ಬೆಲೆಯುಳ್ಳ ಮಾತುಗಳೇ. ಆದರೆ ವೀರಗಲ್ಲು ಎರಡಕ್ಕೂ ಒಗ್ಗುವುದಿಲ್ಲ. ಹಂತಗಳಿರುವ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದುತ್ತ ಹೋದ ಮೇಲೆಯೇ ಅದು ಇಡಿಯಾಗಿ ದಕ್ಕುವುದು. ಅದು ಚಿಕ್ಕದಾದರೂ ಯಾರ ಮನೆಯದೂ ಅಲ್ಲ. ಊರಬಾಗಿಲು, ಕೆರೆಯೇರಿ, ಗುಡಿಯ ಮುಂದೆ ನಿಂತದ್ದು. ಚಿಕ್ಕದು ಮತ್ತು ಸಾರ್ವಜನಿಕವಾದದ್ದು ಒಂದಾಗಬಹುದೆಂಬುದಕ್ಕೆ ಕರ್ನಾಟಕದ ಊರೂರಿನ ವೀರಗಲ್ಲುಗಳು ಸಾಕ್ಷಿ. ಕಲಾಸಿದ್ಧಾಂತಕ್ಕೆ ನಾವು ಕೊಡಬಹುದಾದ ತಿದ್ದುಪಡಿ ಇದು.

ಅಳತೆಯ ಕುರಿತ ಚಿಂತನೆಗೆ ನಾವು ಪರದೇಶದ ಗ್ರಂಥಗಳನ್ನೇ ಕಾಯಬೇಕಿಲ್ಲ. ಕಿತ್ತಯ್ಯನ ಕಲ್ಲು ನಿಂತ ಎರಡು ಶತಮಾನಗಳ ಮೇಲೆ, ಅದೇ ಗಂಗರ ಮಂತ್ರಿ ಚಾವುಂಡರಾಯ ಶ್ರವಣಬೆಳಗೊಳದ ದೊಡ್ಡಬೆಟ್ಟದಲ್ಲಿ ಸುಮಾರು 58 ಅಡಿಯ ಗೊಮ್ಮಟನನ್ನು ನಿಲ್ಲಿಸಿದ. ಸುಮಾರು 1180ರಲ್ಲಿ ಬೊಪ್ಪಣ ಪಂಡಿತ ಅಲ್ಲಿನ ಶಾಸನದಲ್ಲಿ ಎತ್ತಿದ ಪ್ರಶ್ನೆ ಕಲಾವಿಮರ್ಶೆಯದೇ: ತೀರ ಎತ್ತರದ ಮೂರ್ತಿಯಲ್ಲಿ ಚೆಲುವು ಉಳಿಯುವುದೇ, ಎತ್ತರ ಚೆಲುವು ಎರಡೂ ಇದ್ದಲ್ಲಿ ಅತಿಶಯ ಇರುವುದೇ? ಮೂರೂ ಕೂಡಿರುವುದು ಗೊಮ್ಮಟನಲ್ಲಿ ಎಂಬುದು ಅವನ ಉತ್ತರ. ಬರಿಯ ಎತ್ತರ ಅವನಿಗೆ ಗುಣವಲ್ಲ, ಗೆಲ್ಲಬೇಕಾದ ಅಡ್ಡಿ. ಅದೇ ಬೆಟ್ಟದಲ್ಲಿ ಗೊಮ್ಮಟನ ಎದುರಿಗೆ ಗುಳ್ಳಕಾಯಜ್ಜಿಯ ಸಣ್ಣ ಪ್ರತಿಮೆಯಿದೆ. ಚಾವುಂಡರಾಯನ ಕೊಡಕೊಡ ಹಾಲು ತೋಯಿಸಲಾರದ ಮೂರ್ತಿಯನ್ನು ಅಜ್ಜಿಯ ಗುಳ್ಳಕಾಯಿಯಷ್ಟು ಹಾಲು ಅಡಿಯವರೆಗೆ ತೋಯಿಸಿತೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ಬೃಹತ್ತಿನ ಎದುರು ಕಿರಿದನ್ನು ನಿಲ್ಲಿಸದೆ ಆ ಬೆಟ್ಟದ ಕಥೆ ಮುಗಿಯದು. ಬೊಪ್ಪಣನ ಅದೇ 12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಸ್ಥಾವರಲಿಂಗವನ್ನು ಬಿಟ್ಟು ಇಷ್ಟಲಿಂಗವನ್ನು ಅಂಗೈಗೆ ತಂದರು. ಅಂಗೈಯಳತೆ ಅಲ್ಲಿ ಅನುಕೂಲದ ಮಾತಲ್ಲ: ದೇವರಿಗೂ ಭಕ್ತರಿಗೂ ನಡುವಿನ ದೂರವನ್ನೇ, ಆ ದೂರದ ಮೇಲೆ ನಿಂತ ಅಧಿಕಾರವನ್ನೇ ಅದು ತೆಗೆದುಹಾಕಿತು.

ಈಗ ಹೊಸದೊಂದು ತೊಡಕು ಬಂದಿದೆ. ಮಿಥಿಕ್ ಸೊಸೈಟಿಯ ಮೂರು ಆಯಾಮದ ಸ್ಕ್ಯಾನಿಂಗ್ ಕೆಲಸದಿಂದ ಬೆಂಗಳೂರಿನ ಸವೆದ ಶಾಸನಗಳ ಅಕ್ಷರಗಳು ತೆರೆಯ ಮೇಲೆ ಸ್ಪಷ್ಟವಾಗಿವೆ. ಇದು ಬಹು ದೊಡ್ಡ ಉಪಕಾರ. ಆದರೆ ತೆರೆಯ ಮೇಲಿನ ಕಲ್ಲಿಗೆ ತನ್ನದೇ ಗಾತ್ರವಿಲ್ಲ. ಬೆರಳಾಡಿಸಿದರೆ ಬೆಟ್ಟದಷ್ಟಾಗುತ್ತದೆ, ಇನ್ನೊಮ್ಮೆ ಆಡಿಸಿದರೆ ಸಾಸಿವೆಯಷ್ಟಾಗುತ್ತದೆ. ಓದಿಗೆ ಅದು ಸಾಕು, ಕಲಾ ಇತಿಹಾಸಕ್ಕೆ ಸಾಲದು. ಕಲ್ಲು ಎಲ್ಲಿ, ಎಷ್ಟು ಎತ್ತರಕ್ಕೆ, ಯಾವ ದಿಕ್ಕಿಗೆ ಮುಖಮಾಡಿ ನಿಂತಿತ್ತೆಂಬುದೂ ದಾಖಲೆಯ ಭಾಗವಾಗಬೇಕು.

ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 9ನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳಿವೆ. ಅದರಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ಇಂದು ಸ್ಥಳದಲ್ಲಿಲ್ಲ. ದಾಖಲಾಗದೆ ಮಣ್ಣಿನಡಿ ಇರುವವೂ ಇವೆ ಎಂಬುದನ್ನು ಹೆಬ್ಬಾಳ ತೋರಿಸಿಕೊಟ್ಟಿತು. ಜಕ್ಕೂರು, ಯಲಹಂಕ, ಯಶವಂತಪುರ, ಆರ್.ಟಿ. ನಗರಗಳಲ್ಲಿ ಇಂದೂ ನೆಲ ಅಗೆಯುತ್ತಿದ್ದಾರೆ. ಅಗೆತದಲ್ಲಿ ಕೆತ್ತನೆಯ ಗೆರೆಯಿರುವ ಕಲ್ಲು ಎದ್ದರೆ ಕೆಲಸವನ್ನು ಒಂದು ಗಳಿಗೆ ನಿಲ್ಲಿಸಿ, ಅದನ್ನು ಕದಲಿಸದೆ ಪುರಾತತ್ವ ಇಲಾಖೆಗೆ ತಿಳಿಸಿ. ಫೋಟೊ ತೆಗೆಯುವಾಗ ಕಲ್ಲಿನ ಪಕ್ಕಕ್ಕೆ ಒಂದು ಅಳತೆಪಟ್ಟಿ ಇಡಿ. ಅದಿಲ್ಲದಿದ್ದರೆ ನಿಮ್ಮ ಕೈಯನ್ನೇ ಇಡಿ.