ಕಡಲ ತೀರದ ಗಾಳಕ್ಕೆ ಯಾವ ದಾರ: ನೈಲಾನೋ, ಹೆಣೆದದ್ದೋ?

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಮನೆಗೆ ತಾಜಾ ಮೀನು ಬರುವ ದಾರಿಗಳಲ್ಲಿ ತೀರದಿಂದ ಎಸೆಯುವ ಗಾಳವೂ ಒಂದು. ಹೊಸದಾಗಿ ಕೋಲು, ರೀಲು ಕೊಳ್ಳಲು ಅಂಗಡಿಗೆ ಹೋದವರ ಮುಂದೆ ಎರಡು ಬಗೆಯ ದಾರ ಇಡುತ್ತಾರೆ. ಹೆಣೆದ ದಾರದ ಬೆಲೆ ಹಲವು ಪಟ್ಟು ಹೆಚ್ಚು. ದುಬಾರಿಯಾದುದೇ ಒಳ್ಳೆಯದೆಂದು ನಂಬಿ ಅದನ್ನೇ ಕೊಳ್ಳುವವರಿದ್ದಾರೆ. ಆದುದರಿಂದ ಇವೆರಡರ ಗುಣವನ್ನು ಸ್ವಲ್ಪ ವಿವರವಾಗಿ ನೋಡೋಣ.

ನೈಲಾನ್ ದಾರವೆಂದರೆ ಒಂದೇ ಎಳೆಯ ದಾರ. ಮೊನೊಫಿಲಮೆಂಟ್ ಎನ್ನುವುದು ಇದನ್ನೇ. ಅಮೆರಿಕದ ಡುಪಾಂಟ್ ಕಂಪನಿ 1938ರಲ್ಲಿ ನೈಲಾನನ್ನು ಲೋಕಕ್ಕೆ ಪ್ರಕಟಿಸಿದ ಬಳಿಕ ಗಾಳದವರ ಕೈಗೆ ಬಂದ ದಾರವಿದು. ಹೆಣೆದ ದಾರ, ಅಂದರೆ ಬ್ರೈಡ್, ಬಹಳ ಗಟ್ಟಿಯಾದ ಪಾಲಿಎಥಿಲೀನ್ ನೂಲಿನ ನಾಲ್ಕು ಅಥವಾ ಎಂಟು ಎಳೆಗಳನ್ನು ಜಡೆಯಂತೆ ಹೆಣೆದು ಮಾಡಿದ್ದು. 20 ಪೌಂಡ್ ಭಾರ ತಡೆಯುವ ನೈಲಾನ್ ಸುಮಾರು 0.40 ಮಿ.ಮೀ. ದಪ್ಪವಿದ್ದರೆ, ಅಷ್ಟೇ ಬಲದ ಬ್ರೈಡ್ ಸುಮಾರು 0.23 ಮಿ.ಮೀ. ಮಾತ್ರ. ಉಳಿದ ವ್ಯತ್ಯಾಸಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಮಲ್ಪೆ, ಪಣಂಬೂರು, ತಣ್ಣೀರುಬಾವಿಯಂತಹ ಮರಳಿನ ತೀರದಲ್ಲಿ ಬ್ರೈಡ್‌ಗೆ ನಿಜವಾಗಿಯೂ ಮೇಲುಗೈ ಇದೆ. ತೆಳುವಾದ ದಾರ ಗಾಳಿಯಲ್ಲಿ ಹೆಚ್ಚು ದೂರ ಹೋಗುತ್ತದೆ; ಅಡ್ಡ ಸೆಳೆತವೂ ಅದನ್ನು ಅಷ್ಟಾಗಿ ಎಳೆಯುವುದಿಲ್ಲ. ನೈಲಾನ್ ಎಳೆದಾಗ ತನ್ನ ಉದ್ದದ ಕಾಲು ಭಾಗದಷ್ಟು ಹಿಗ್ಗಬಲ್ಲುದು, ಬ್ರೈಡ್ ಹಿಗ್ಗುವುದೇ ಇಲ್ಲವೆನ್ನಬಹುದು. ದೂರದಲ್ಲಿ ಕಾಣೆ ಮೀನು ಮೆಲ್ಲಗೆ ಎರೆ ಕಚ್ಚಿದರೂ ಕೋಲಿನ ತುದಿಗೆ ಸುದ್ದಿ ಮುಟ್ಟುತ್ತದೆ. ಬ್ರೈಡ್ ಮೀನಿಗೆ ಕಾಣುತ್ತದೆ ಎಂಬ ಆಕ್ಷೇಪವಿದೆ. ಮಳೆಗಾಲದ ಕೆಂಪು ನೀರಿನಲ್ಲಿ ಅದಕ್ಕೆ ಅಷ್ಟು ಬೆಲೆಯಿಲ್ಲ.

ಕಲ್ಲಿರುವಲ್ಲಿ ಲೆಕ್ಕ ತಿರುಗುತ್ತದೆ. ಕಾಪು, ಸುರತ್ಕಲ್, ಸೋಮೇಶ್ವರದ ಬಂಡೆಗಳು, ಬಂದರಿನ ಅಲೆ ತಡೆಗೋಡೆ, ಕಡಲ್ಕೊರೆತಕ್ಕೆ ಹಾಕಿದ ಕಲ್ಲು, ಇವುಗಳ ಸಂದಿನಲ್ಲೇ ಮುರು, ಕೆಂಬೇರಿಗಳ ವಾಸ. ಗಾಳಕ್ಕೆ ಬಿದ್ದ ಮುರು ಮೊದಲು ಮಾಡುವ ಕೆಲಸ ಕಲ್ಲಿನೊಳಗೆ ನುಗ್ಗುವುದು. ಚಿಪ್ಪುಗಳು ಅಂಟಿದ ಕಲ್ಲಿಗೆ ಬಿಗಿಯಾದ ಬ್ರೈಡ್ ಉಜ್ಜಿತೆಂದರೆ ಅದರ ಸಣ್ಣ ಎಳೆಗಳು ಒಂದೊಂದಾಗಿ ಹರಿದು ಕ್ಷಣದಲ್ಲಿ ತುಂಡಾಗುತ್ತದೆ. ದಪ್ಪ ನೈಲಾನ್ ಗೀರು ಬಿದ್ದರೂ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ಕಲ್ಲಿನ ಜಾಗಕ್ಕೆ ಮಾತ್ರ ಹೋಗುವವರು ಬ್ರೈಡ್‌ಗೆ ಹಣ ಹಾಕುವುದು ಬೇಡವೆಂದೇ ನಮ್ಮ ಅಭಿಪ್ರಾಯ. (ಮಳೆಗಾಲದಲ್ಲಿ ಬಂಡೆಯ ಮೇಲೆ ನಿಲ್ಲುವುದೇ ಸಲ್ಲದು. ಯಾವ ದಾರವೂ ಅಲೆಯಿಂದ ಮನುಷ್ಯನನ್ನು ಕಾಪಾಡದು.)

ಮರಳಿನಲ್ಲಿ ಬ್ರೈಡ್ ಬಳಸುವವರೂ ಅದರ ತುದಿಗೆ ದಪ್ಪ ನೈಲಾನ್ ಜೋಡಿಸಲೇಬೇಕು. ಇದಕ್ಕೆ ಶಾಕ್ ಲೀಡರ್ ಎನ್ನುತ್ತಾರೆ. ಉದ್ದ ಕೋಲಿನ ಎರಡರಷ್ಟು, ಮೇಲೆ ರೀಲಿಗೆ ನಾಲ್ಕೈದು ಸುತ್ತು ಬರುವಷ್ಟು ಇರಲಿ. ಬಲದ ಲೆಕ್ಕ ಸುಲಭ: ಸೀಸದ ಪ್ರತಿ ಔನ್ಸಿಗೆ 10 ಪೌಂಡ್. ನಾಲ್ಕು ಔನ್ಸ್, ಅಂದರೆ ಸುಮಾರು 113 ಗ್ರಾಂ ಸೀಸಕ್ಕೆ 40 ಪೌಂಡಿನ ನೈಲಾನ್. ಇದು ಮೀನಿಗಿಂತ ಹೆಚ್ಚಾಗಿ ಮನುಷ್ಯರ ಸಲುವಾಗಿ. ಬೀಸುವಾಗ ದಾರ ತುಂಡಾದರೆ ಸೀಸ ಕೋವಿಯ ಗುಂಡಿನಂತೆ ಹಾರುತ್ತದೆ. ರವಿವಾರ ಸಂಜೆ ತೀರದ ತುಂಬ ಮಕ್ಕಳಿರುತ್ತಾರೆ.

ಇನ್ನೊಂದು ಅಪಾಯ ಬೆರಳಿಗೆ. ತೆಳುವಾದ, ಹಿಗ್ಗದ ದಾರ ಭಾರ ಬಿದ್ದಾಗ ಕತ್ತಿಯಂತೆ ಕೊಯ್ಯುತ್ತದೆ. ಬೀಸುವ ತೋರುಬೆರಳಿಗೆ ಚರ್ಮದ ರಕ್ಷೆ ಬೇಕು. ಕಲ್ಲಿಗೆ ಸಿಕ್ಕಿಬಿದ್ದ ದಾರವನ್ನು ಕೈಗೆ ಸುತ್ತಿ ಎಳೆಯದೆ, ಒಂದು ಮರದ ತುಂಡಿಗೆ ಸುತ್ತಿ ಎಳೆಯಬೇಕು. ಕೋಲಿಲ್ಲದೆ ಬಾಟಲಿಗೆ ದಾರ ಸುತ್ತಿ ಬರಿಗೈಯಲ್ಲಿ ಎಸೆಯುವ ನಮ್ಮ ಹಿರಿಯರ ಕ್ರಮಕ್ಕಂತೂ ಬ್ರೈಡ್ ಸರ್ವಥಾ ಹೊಂದದು. ಅಲ್ಲಿ ದಪ್ಪ ನೈಲಾನೇ ಸರಿ.

ಬ್ರೈಡ್ ನೇರವಾಗಿ ರೀಲಿನ ಉರುಳೆಗೆ ಸುತ್ತಿದರೆ ಜಾರುತ್ತದೆ. ಅಡಿಯಲ್ಲಿ ಕೆಲವು ಮೀಟರ್ ನೈಲಾನ್ ಸುತ್ತಿ ಅದಕ್ಕೆ ಕಟ್ಟಬೇಕು. ನೈಲಾನ್ ಬಿಸಿಲಿಗೆ ಬಲ ಕಳೆದುಕೊಳ್ಳುವುದರಿಂದ ವರ್ಷಕ್ಕೊಮ್ಮೆಯಾದರೂ ಬದಲಿಸುವುದು ಒಳ್ಳೆಯದು. ಬ್ರೈಡ್ ಹಲವು ವರ್ಷ ಬಾಳುತ್ತದೆ. ಮೇಲಿನ ಭಾಗ ಸವೆದಾಗ ಇಡೀ ದಾರವನ್ನು ತಿರುಗಿಸಿ ಸುತ್ತಿದರೆ ಒಳಗಿದ್ದ ಹೊಸ ಭಾಗ ಬಳಕೆಗೆ ಬರುತ್ತದೆ. ಹೀಗೆ ನೋಡಿದರೆ ಬೆಲೆಯ ಅಂತರ ಮೊದಲು ಕಂಡಷ್ಟು ದೊಡ್ಡದಲ್ಲ.

ತೆಗೆದ ದಾರವನ್ನು ಮರಳಿನಲ್ಲಿ ಬಿಟ್ಟು ಬರುವ ಅಭ್ಯಾಸ ಮಾತ್ರ ಎರಡೂ ಕಡೆಯವರಲ್ಲಿದೆ. ಇವೆರಡೂ ಕೊಳೆಯುವ ವಸ್ತುಗಳಲ್ಲ. ಕುಂದಾಪುರದ ಕೋಡಿಯಂತಹ ತೀರಗಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಬಿಟ್ಟ ದಾರ ಅವುಗಳ ಕಾಲಿಗೂ ಹಕ್ಕಿಗಳ ಕಾಲಿಗೂ ಸುತ್ತಿಕೊಳ್ಳುತ್ತದೆ. ಹಳೆಯ ದಾರವನ್ನು ಗೇಣುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ, ಮುಚ್ಚಳವಿರುವ ಬಾಟಲಿಯಲ್ಲಿ ತುಂಬಿ ಮನೆಗೆ ತಂದು ಒಣಕಸಕ್ಕೆ ಹಾಕಬೇಕು.