ಮೂಕವಾದ ಹಂದಿ

ಥೈರಾಯ್ಡ್ ಗ್ರಂಥಿಯ ಶಸ್ತ್ರಚಿಕಿತ್ಸೆಗೆ ಮುನ್ನ, ಧ್ವನಿ ಬದಲಾಗುವ ಸಂಭವವುಂಟೆಂದು ವೈದ್ಯರು ನಿಮಗೋ ನಿಮ್ಮ ಮನೆಯವರಿಗೋ ಎಚ್ಚರಿಕೆ ಹೇಳಿರಬಹುದು. ಆ ಗ್ರಂಥಿಯ ಹಿಂಬದಿಯಲ್ಲಿ ಹಾದುಹೋಗುವ ದಾರದೆಳೆಯಂಥ ನರಕ್ಕೆ ಪೆಟ್ಟಾಗಬಾರದೆಂಬ ಭಯವೇ ಅದಕ್ಕೆ ಕಾರಣ. ಆ ನರದ ಕೆಲಸವನ್ನು ಮನುಷ್ಯ ಅರಿತದ್ದು ಹಂದಿಯಿಂದ.

ಓದುಗರೇ, ಕ್ರಿಸ್ತಶಕ ಎರಡನೆಯ ಶತಮಾನದ ರೋಮ್ ನಗರವನ್ನು ನೆನೆಯಿರಿ. ಆಲೋಚನೆಯೂ ಮಾತೂ ಹೃದಯದಲ್ಲೇ ಹುಟ್ಟುತ್ತವೆಂದು ಅರಿಸ್ಟಾಟಲನ ಅನುಯಾಯಿಗಳು ಸಾಧಿಸುತ್ತಿದ್ದ ಕಾಲ. 129ರಲ್ಲಿ ಪೆರ್ಗಮಮ್ ಪಟ್ಟಣದಲ್ಲಿ ಹುಟ್ಟಿದ ಗೇಲನ್ ಎಂಬ ವೈದ್ಯ, ಅವುಗಳ ಮೂಲ ಮಿದುಳೆಂದು ವಾದಿಸಿದ. ಮಾನವದೇಹವನ್ನು ಕೊಯ್ದು ನೋಡುವ ರೂಢಿ ಅಲ್ಲಿರಲಿಲ್ಲ. ಆದ್ದರಿಂದ ಜೀವಂತ ಹಂದಿಯನ್ನು ಕಟ್ಟಿಹಾಕಿ, ನೆರೆದವರ ಕಣ್ಣೆದುರೇ ಅದರ ಕತ್ತನ್ನು ಕೊಯ್ದು, ಆ ನರಗಳಿಗೆ ದಾರ ಬಿಗಿದ. ಕಿರುಚುತ್ತಿದ್ದ ಪ್ರಾಣಿ ಥಟ್ಟನೆ ಮೂಕವಾಯಿತು. ದಾರ ಸಡಿಲಿಸಿದೊಡನೆ ಕೂಗು ಮರಳಿತು. ಹೃದಯಕ್ಕೆ ಯಾರೂ ಕೈಹಚ್ಚಿರಲಿಲ್ಲ.

ಹಂದಿಯೇ ಏಕೆ? ಅದರ ಕೂಗು ಬಹು ಜೋರು ಎಂಬುದೊಂದು. ಇನ್ನೊಂದು ಕಾರಣವನ್ನೂ ಅವನೇ ಬರೆದಿಟ್ಟಿದ್ದಾನೆ: ಜೀವಂತವಾಗಿ ಕೊಯ್ಯುವಾಗ ಕೋತಿಯ ಮುಖಭಾವ ನೋಡಲು ಹಿತವಲ್ಲ. ಹಂದಿಯ ಮುಖ ಅವನನ್ನು ಅಷ್ಟಾಗಿ ಕಾಡಲಿಲ್ಲವೆಂದಾಯಿತು!

ಆದರೂ ಇದು ವಾದ ಗೆಲ್ಲುವ ಆಟ ಮಾತ್ರವಾಗಿರಲಿಲ್ಲ. ಕತ್ತಿನ ಗಂಟುಗಳನ್ನು ಉಗುರಿನಿಂದ ಕೀಳುವಾಗ ಚಿಕಿತ್ಸಕನೊಬ್ಬ ಅರಿಯದೆ ನರವನ್ನೂ ಕಿತ್ತು, ಹುಡುಗನೊಬ್ಬನ ಧ್ವನಿ ಹೋದ ಪ್ರಸಂಗವನ್ನು ಗೇಲನ್ ದಾಖಲಿಸಿದ್ದಾನೆ. ಶ್ವಾಸನಾಳಕ್ಕೆ ಏನೂ ಆಗಿಲ್ಲ, ಧ್ವನಿ ಮಾತ್ರ ಇಲ್ಲವಲ್ಲ ಎಂದು ಜನ ಬೆರಗಾದರು. ಉತ್ತರ ತಿಳಿದಿದ್ದವನು ಗೇಲನ್.

ಹನ್ನೆರಡನೆಯ ಶತಮಾನದಲ್ಲಿ ಇಟಲಿಯ ಸಲೆರ್ನೋದಲ್ಲಿಯೂ ವೈದ್ಯವಿದ್ಯಾರ್ಥಿಗಳು ಶರೀರರಚನೆಯನ್ನು ಕಲಿತದ್ದು ಹಂದಿಯನ್ನು ಕೊಯ್ದೇ. ಪ್ರಾಣಿಯಲ್ಲಿ ಕಂಡದ್ದೆಲ್ಲ ಮನುಷ್ಯನಲ್ಲೂ ಇದೆಯೆಂಬ ನಂಬಿಕೆ ದಾರಿತಪ್ಪಿಸಿತು ಕೂಡ. ಗೇಲನ್ ಪ್ರಾಣಿಗಳ ಮಿದುಳಿನ ಬುಡದಲ್ಲಿ ಕಂಡ ರಕ್ತನಾಳಗಳ ಬಲೆ ಮನುಷ್ಯರಲ್ಲಿಲ್ಲವೆಂದು 1543ರ ತನ್ನ ಮಹಾಗ್ರಂಥದಲ್ಲಿ ಸಾರಿದವನು ವೆಸಾಲಿಯಸ್. ವಿಚಿತ್ರವೆಂದರೆ, ಅದೇ ಗ್ರಂಥದ ಕೊನೆಯಲ್ಲಿ ಹಲಗೆಗೆ ಕಟ್ಟಿದ ಹಂದಿಯ ಚಿತ್ರವೂ ಇದೆ. ಧ್ವನಿಯ ನರದ ಪ್ರಯೋಗವನ್ನು ಅವನೂ ಕೈಬಿಡಲಿಲ್ಲ.

ಇಂದು ಶಸ್ತ್ರಚಿಕಿತ್ಸೆಯ ನಡುವೆ ಈ ನರ ಸುರಕ್ಷಿತವಾಗಿದೆಯೇ ಎಂದು ತಿಳಿಸುವ ಯಂತ್ರಗಳಿವೆ. ನರವನ್ನು ಎಷ್ಟು ಎಳೆದರೆ, ಎಷ್ಟು ಕಾಯಿಸಿದರೆ ಅದು ಸೋಲುತ್ತದೆಂಬುದನ್ನು ಸಂಶೋಧಕರು ಆ ಯಂತ್ರಗಳ ನೆರವಿನಿಂದ ಪರೀಕ್ಷಿಸುವುದು ಹಂದಿಗಳಲ್ಲೇ. ಅವಕ್ಕೆ ಅರಿವಳಿಕೆ ಕೊಡುತ್ತಾರೆ. ಈಥರ್‌ನಿಂದ ನೋವು ಮರೆಸಬಹುದೆಂದು ಬಾಸ್ಟನ್ ನಗರದಲ್ಲಿ ಎಲ್ಲರೆದುರು ತೋರಿಸಿದ್ದು 1846ರಲ್ಲಿ. ಗೇಲನನ ಹಂದಿಯ ಕಾಲಕ್ಕೂ ಅದಕ್ಕೂ ನಡುವೆ ಸುಮಾರು 1,700 ವರ್ಷಗಳು.